ಪಿಷ್ಟ ಮತ್ತು ಜೊಲ್ಲಿನ ಪ್ರಯೋಗ: ಮಾಡಬೇಕಾದ್ದು, ಮಾಡಬಾರದ್ದು

ಜೀವಶಾಸ್ತ್ರ ಪ್ರಯೋಗಾಲಯ. ಪಿಯುಸಿಯ ಎಲ್ಲ ಬ್ಯಾಚುಗಳಿಗೆ. ಪ್ರಯೋಗದ ಹಿಂದಿನ ದಿನವೇ ಪೂರ್ತಿ ಓದಿಕೊಂಡು ಬರಬೇಕು.

ಕಿಣ್ವದ ಪ್ರಮಾಣ ಹೆಚ್ಚಿದಂತೆ ಪಿಷ್ಟ ಒಡೆಯುವ ವೇಗ ಎಷ್ಟು ಹೆಚ್ಚುತ್ತದೆ? ಈ ಪ್ರಯೋಗ ಕೇಳುವ ಪ್ರಶ್ನೆ ಇದೊಂದೇ. ಹಾಗಾಗಿ ಟ್ಯೂಬಿನಿಂದ ಟ್ಯೂಬಿಗೆ ಬದಲಾಗಬೇಕಾದದ್ದೂ ಕಿಣ್ವವೊಂದೇ. ಪಿಷ್ಟ, ಬಿಸಿ, ಹುಳಿ, ಉಪ್ಪು, ಒಟ್ಟು ಅಳತೆ, ಇವು ಯಾವುವೂ ಅಲುಗಾಡಕೂಡದು. ಕೆಳಗಿನ ಒಂದೊಂದು ಕಟ್ಟಳೆಯೂ ಇದನ್ನು ಕಾಯಲು ಇದೆ, ಇಲ್ಲವೇ ನಿಮ್ಮನ್ನು ಕಾಯಲು ಇದೆ.

ಮನೆಯಲ್ಲಿ ಪುಟ್ಟ ಮಗುವಿದ್ದರೆ ಇದನ್ನು ನೀವು ಆಗಲೇ ನೋಡಿರುತ್ತೀರಿ. ಬಟ್ಟಲ ತುಂಬ ಗಟ್ಟಿ ರಾಗಿ ಗಂಜಿ. ಮಗುವಿನ ಬಾಯಿಗೆ ಹೋಗಿ ಬಂದ ಚಮಚವನ್ನೇ ಮತ್ತೆ ಮತ್ತೆ ಅದರಲ್ಲಿ ಅದ್ದುತ್ತಿದ್ದರೆ ಸ್ವಲ್ಪ ಹೊತ್ತಿಗೆ ಗಂಜಿ ನೀರೊಡೆಯುತ್ತದೆ, ಚಮಚ ಓರೆ ಮಾಡಿದರೆ ಜಾರಿ ಬೀಳುತ್ತದೆ. ಚಮಚದ ಎಂಜಲಿನಲ್ಲಿದ್ದ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದ ಸರಪಳಿಗಳನ್ನು ಕತ್ತರಿಸಿದ್ದರ ಫಲ ಅದು. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟಿನ ಗಂಜಿ ತೆಳ್ಳಗಾಗುವುದೂ ಮೊಳಕೆಯಲ್ಲಿ ಹುಟ್ಟುವ ಅಮೈಲೇಸಿನಿಂದಲೇ. ಮೊಳಕೆ ರಾಗಿಯ ಈ ಗುಣವನ್ನು ಹಿಡಿದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಮಕ್ಕಳ ಆಹಾರದ ಮೇಲೆ ಕೆಲಸ ನಡೆದಿದೆ. ಮನೆಯ ಬಟ್ಟಲಲ್ಲಿ ಕಣ್ಣಂದಾಜಿಗೆ ಕಂಡದ್ದನ್ನು ಇಲ್ಲಿ ಗಡಿಯಾರ ಹಿಡಿದು ಅಳೆಯುತ್ತೇವೆ.

ಜೊಲ್ಲಿನ ವಿಚಾರ

ನಿಮ್ಮ ಜೊಲ್ಲನ್ನು ನೀವೇ ಮುಟ್ಟಬೇಕು. ಬೇರೆಯವರ ಬೀಕರನ್ನು ತೊಳೆದುಕೊಡುವ ಉಪಕಾರವೂ ಬೇಡ. ಎಂಜಲು ಎಂದು ನಮ್ಮ ಅಜ್ಜಿಯರು ಕಟ್ಟುನಿಟ್ಟು ಮಾಡುತ್ತಿದ್ದದ್ದು ಪ್ರಯೋಗಾಲಯದಲ್ಲಿ ಇನ್ನೂ ಹೆಚ್ಚು ಸಲ್ಲುತ್ತದೆ. ನೆಗಡಿಯಿಂದ ಹಿಡಿದು ಎಷ್ಟೋ ಸೋಂಕುಗಳು ಜೊಲ್ಲಿನ ದಾರಿಯಲ್ಲಿ ಹರಡುತ್ತವೆ. ಒಂದು ತಂಡಕ್ಕೆ ಒಬ್ಬರದೇ ಜೊಲ್ಲು. ಟ್ಯೂಬುಗಳಿಗೆ ಸುರಿಯುವುದೂ ಹನಿ ತೆಗೆಯುವುದೂ ಅವರೇ. ಉಳಿದವರು ಗಡಿಯಾರ ನೋಡಿ, ಬರೆದುಕೊಳ್ಳಿ.

ಜ್ವರ, ಕೆಮ್ಮು, ಬಾಯಿಹುಣ್ಣು, ಒಸಡಿನಲ್ಲಿ ರಕ್ತ ಇದ್ದವರು ಜೊಲ್ಲು ಕೊಡಕೂಡದು. ಕೊಡಲು ಮನಸ್ಸಿಲ್ಲದವರನ್ನು ಯಾರೂ ಒತ್ತಾಯಿಸಬಾರದು, ಕಾರಣ ಕೇಳಬಾರದು. ಅವರಿಗೆ ಮೊಳಕೆ ಧಾನ್ಯದಿಂದ ತೆಗೆದ ಡಯಾಸ್ಟೇಸ್ ಪುಡಿ ಇಟ್ಟಿದ್ದೇವೆ. ಅದರಲ್ಲಿ ಮಾಡಿದ ಪ್ರಯೋಗಕ್ಕೂ ಅಷ್ಟೇ ಅಂಕ. ಕಿಣ್ವಗಳ ಚರಿತ್ರೆಯಂತೂ ಶುರುವಾದದ್ದೇ ಅಲ್ಲಿಂದ: 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ರಸಾಯನಶಾಸ್ತ್ರಜ್ಞರು ಮೊಳಕೆ ಬಾರ್ಲಿಯ ರಸಕ್ಕೆ ಮದ್ಯಸಾರ ಬೆರೆಸಿ ಬೇರ್ಪಡಿಸಿದ ವಸ್ತುವಿಗೇ ಡಯಾಸ್ಟೇಸ್ ಎಂದು ಹೆಸರಿಟ್ಟರು. 'ಎಂಜೈಮ್' ಎಂಬ ಪದವೇ ಆಗ ಹುಟ್ಟಿರಲಿಲ್ಲ.

ಪ್ರಯೋಗಕ್ಕೆ ಮುಂಚೆ ಬಾಯಿಯನ್ನು ಎರಡು ಸಲ ಚೆನ್ನಾಗಿ ಮುಕ್ಕಳಿಸಿ ಉಗಿಯಿರಿ. ಆ ಗಂಟೆಯಲ್ಲಿ ಟೀ, ಬಾಳೆಹಣ್ಣು, ಚ್ಯೂಯಿಂಗ್ ಗಮ್ ಬೇಡ. ನಿಂಬೆ ಷರಬತ್ತು, ನೆಲ್ಲಿಕಾಯಿ, ವಿಟಮಿನ್ ಸಿ ಮಾತ್ರೆ ಖಂಡಿತ ಕೂಡದು. ಪಿಷ್ಟ ಉಳಿದಿದೆಯೇ ಎಂದು ನಾವು ನೋಡುವುದು ಬಿಳಿ ಟೈಲಿನ ಮೇಲಿನ ಅಯೋಡಿನ್ ಹನಿಯ ಬಣ್ಣದಿಂದ, ವಿಟಮಿನ್ ಸಿ ಆ ಬಣ್ಣವನ್ನು ತಾನೇ ಅಳಿಸಿಬಿಡುತ್ತದೆ. ಪಿಷ್ಟ ಹಾಗೆಯೇ ಇರುತ್ತದೆ, ಟೈಲಿನ ಮೇಲೆ ಮಾತ್ರ ಎಲ್ಲ ಜೀರ್ಣವಾದ ಹಾಗೆ ಕಾಣುತ್ತದೆ.

ಬಾಯಲ್ಲಿ ಪಿಪೆಟ್ ಇಟ್ಟು ಎಳೆಯಕೂಡದು. ಯಾವ ದ್ರಾವಣವನ್ನೂ, ಯಾವ ಕಾರಣಕ್ಕೂ. ಸಿರಿಂಜ್ ಇದೆ, ರಬ್ಬರ್ ಬಲ್ಬ್ ಇದೆ. ಈ ಒಂದು ತಪ್ಪಿಗೆ ಎರಡನೇ ಎಚ್ಚರಿಕೆ ಇರುವುದಿಲ್ಲ, ಅಂದಿನ ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ.

ಅಳತೆಯ ವಿಚಾರ

ಪ್ರತಿವರ್ಷ ಅರ್ಧ ತಂಡಗಳು ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಕಿಣ್ವ ಹೆಚ್ಚು ಮಾಡಿ ಎಂದರೆ ಟ್ಯೂಬಿಗೆ ಇನ್ನಷ್ಟು ಹನಿ ಜೊಲ್ಲು ಸುರಿಯುವುದು ಎಂದಲ್ಲ. ಸುರಿದರೆ ಒಟ್ಟು ಅಳತೆ ಏರುತ್ತದೆ, ಪಿಷ್ಟ ತೆಳುವಾಗುತ್ತದೆ. ವೇಗ ಬದಲಾದದ್ದು ಕಿಣ್ವದಿಂದಲೋ ಪಿಷ್ಟ ತೆಳುವಾದದ್ದರಿಂದಲೋ ಎಂದು ಆಮೇಲೆ ಯಾರೂ ಹೇಳಲಾರರು. ಆದ್ದರಿಂದ ಕಿಣ್ವ ಎಷ್ಟು ಕಡಿಮೆಯೋ ಅಷ್ಟು ಉಪ್ಪುನೀರು ಸೇರಿಸಿ ಅಳತೆ ಸರಿದೂಗಿಸಬೇಕು. ಪ್ರತಿ ಟ್ಯೂಬಿನಲ್ಲಿ 1 ಶೇಕಡಾ ಪಿಷ್ಟ ದ್ರಾವಣ 5 ಮಿ.ಲೀ., 6.8 ಪಿಎಚ್‌ನ ಬಫರ್ 1 ಮಿ.ಲೀ., ಉಳಿದ 4 ಮಿ.ಲೀ. ಹೀಗೆ (ಕಿಣ್ವ ಎಂದರೆ ಇಲ್ಲಿ ಉಪ್ಪುನೀರಿನಲ್ಲಿ ತೆಳು ಮಾಡಿದ ಜೊಲ್ಲು):

1ನೇ ಟ್ಯೂಬ್: ಕಿಣ್ವ 4, ಉಪ್ಪುನೀರು ಇಲ್ಲ.
2ನೇ ಟ್ಯೂಬ್: ಕಿಣ್ವ 2, ಉಪ್ಪುನೀರು 2.
3ನೇ ಟ್ಯೂಬ್: ಕಿಣ್ವ 1, ಉಪ್ಪುನೀರು 3.
4ನೇ ಟ್ಯೂಬ್: ಕಿಣ್ವ 0.5, ಉಪ್ಪುನೀರು 3.5.
5ನೇ ಟ್ಯೂಬ್: ಕುದಿಸಿ ಆರಿಸಿದ ಕಿಣ್ವ 4.
6ನೇ ಟ್ಯೂಬ್: ಕಿಣ್ವ ಇಲ್ಲ, ಉಪ್ಪುನೀರು 4.

ಆರೂ ಟ್ಯೂಬುಗಳಲ್ಲಿ ಒಟ್ಟು 10 ಮಿ.ಲೀ. ಇರಬೇಕು. ಪಿಷ್ಟ ಸೇರಿಸುವ ಮೊದಲು ಆರನ್ನೂ ಸಾಲಾಗಿ ನಿಲ್ಲಿಸಿ ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಒಂದರಲ್ಲಿ ಮಟ್ಟ ಏರುಪೇರು ಕಂಡರೂ ಚೆಲ್ಲಿ ಮತ್ತೆ ತುಂಬಿ. ಪಿಷ್ಟ ಸೇರಿಸುವುದು ಮಾತ್ರ ಕೊನೆಗೆ, ಮುಂದೆ ಹೇಳುವ ಕ್ರಮದಲ್ಲಿ.

ಉಪ್ಪುನೀರು ಏಕೆ, ಬಟ್ಟಿ ಇಳಿಸಿದ ನೀರು ಸಾಲದೇ ಎಂದು ಕೇಳುತ್ತೀರಿ. ಸಾಲದು. ಜೊಲ್ಲಿನ ಅಮೈಲೇಸ್ ಪೂರ್ತಿ ಚುರುಕಾಗಬೇಕಾದರೆ ಕ್ಲೋರೈಡ್ ಬೇಕು. ಅದು ಜೊಲ್ಲಿನಲ್ಲಿಯೇ ಇದೆ. ನೀವು ಬರೀ ನೀರಿನಲ್ಲಿ ತೆಳು ಮಾಡುತ್ತ ಹೋದರೆ ಕಿಣ್ವದ ಜೊತೆಗೆ ಕ್ಲೋರೈಡೂ ತೆಳುವಾಗುತ್ತದೆ. ಆಗ 4ನೇ ಟ್ಯೂಬ್ ಎರಡು ಕಾರಣಕ್ಕೆ ನಿಧಾನವಾಗಿರುತ್ತದೆ, ನೀವು ಒಂದನ್ನೇ ಬರೆದಿರುತ್ತೀರಿ. ಅದಕ್ಕಾಗಿ ಲೀಟರಿಗೆ 9 ಗ್ರಾಂ ಅಡುಗೆ ಉಪ್ಪು ಹಾಕಿದ ನೀರನ್ನು ದೊಡ್ಡ ಬಾಟಲಿಯಲ್ಲಿ ಇಟ್ಟಿರುತ್ತೇವೆ. ಜೊಲ್ಲು ತೆಳು ಮಾಡಲು ಅದೇ, ಅಳತೆ ಸರಿದೂಗಿಸಲೂ ಅದೇ.

ಪಿಷ್ಟ ದ್ರಾವಣವನ್ನು ಅಂದೇ ಮಾಡಿ. 1 ಗ್ರಾಂ ಪಿಷ್ಟದ ಪುಡಿಯನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಕೈಯಾಡಿಸುತ್ತ ಹಾಕಿ, ಆರಿದ ಮೇಲೆ 100 ಮಿ.ಲೀ. ಮಾಡಿಕೊಳ್ಳಿ. ಅಂಬಲಿಗೆ ಹಿಟ್ಟು ಕರಡುವ ಹಾಗೆಯೇ. ಬೇಯದ ಪಿಷ್ಟದ ಕಾಳನ್ನು ಕಿಣ್ವ ಅಷ್ಟು ಸುಲಭವಾಗಿ ಕಚ್ಚಲಾರದು. ಹಿಂದಿನ ವಾರದ್ದು ಬೇಡ: ತಳ ಕಟ್ಟಿರುತ್ತದೆ, ಬ್ಯಾಕ್ಟೀರಿಯಾ ಸೇರಿರುತ್ತದೆ. ಆರೂ ಟ್ಯೂಬಿಗೂ ಒಂದೇ ಬೀಕರಿನ ದ್ರಾವಣ, ಪ್ರತಿ ಸಲ ಕಲಕಿ.

ಜೊಲ್ಲನ್ನು ಎಷ್ಟು ತೆಳು ಮಾಡಬೇಕೆಂದು ಪುಸ್ತಕ ನೋಡಿ ನಿರ್ಧರಿಸಬೇಡಿ. ಒಬ್ಬರ ಜೊಲ್ಲಿಗೂ ಇನ್ನೊಬ್ಬರದಕ್ಕೂ ಬಹಳ ವ್ಯತ್ಯಾಸ. 1 ಮಿ.ಲೀ. ಜೊಲ್ಲಿಗೆ 9 ಮಿ.ಲೀ. ಉಪ್ಪುನೀರು ಸೇರಿಸಿ, 1ನೇ ಟ್ಯೂಬಿನ ಅಳತೆಯಲ್ಲಿ ಒಮ್ಮೆ ಪರೀಕ್ಷೆ ಓಡಿಸಿ. ನೀಲಿ ಬಣ್ಣ 2 ನಿಮಿಷಕ್ಕೆ ಮೊದಲೇ ಮಾಯವಾದರೆ ಇನ್ನೂ ತೆಳು ಮಾಡಿ. ಈ ಹೆಜ್ಜೆ ಬಿಟ್ಟ ತಂಡ ಏನು ತರುತ್ತದೆ ಗೊತ್ತೇ? ಕೋಷ್ಟಕದಲ್ಲಿ ಮೂರು ಸಾಲು, ಮೂರರಲ್ಲೂ '30 ಸೆಕೆಂಡು'. ಮೊದಲ ಹನಿ ತೆಗೆಯುವ ಹೊತ್ತಿಗೇ ಮೂರೂ ಟ್ಯೂಬಿನಲ್ಲಿ ಕೆಲಸ ಮುಗಿದಿತ್ತು. ಒಂದು 5 ಸೆಕೆಂಡಿಗೆ, ಇನ್ನೊಂದು 20ಕ್ಕೆ ಮುಗಿದಿರಬಹುದು, ಆ ಗಡಿಯಾರಕ್ಕೆ ತಿಳಿಯಲಿಲ್ಲ. ಅಂಥ ಕೋಷ್ಟಕ ನೋಡಿ 'ಕಿಣ್ವ ಹೆಚ್ಚಾದರೂ ವೇಗ ಬದಲಾಗುವುದಿಲ್ಲ' ಎಂದು ಬರೆದು ಕೊಟ್ಟವರಿದ್ದಾರೆ.

ಬಿಸಿಯ ವಿಚಾರ

ವಾಟರ್ ಬಾತ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬೆರಳಿಟ್ಟು ನೋಡುವುದಲ್ಲ, ಥರ್ಮಾಮೀಟರ್ ನೋಡಿ. ಪಿಷ್ಟ ಬೇರೆ, ಕಿಣ್ವ ಬೇರೆ ಟ್ಯೂಬಿನಲ್ಲಿ ಐದು ನಿಮಿಷ ಅದರಲ್ಲಿ ನಿಂತು ಬಿಸಿಯಾದ ಮೇಲೆ ಬೆರೆಸಿ. ತಣ್ಣಗಿರುವಾಗಲೇ ಬೆರೆಸಿದರೆ ಮೊದಲ ನಿಮಿಷಗಳ ವೇಗ ಬೇರೆ, ಆಮೇಲಿನದು ಬೇರೆ.

5ನೇ ಟ್ಯೂಬಿನ ಕಿಣ್ವವನ್ನು ಹತ್ತು ನಿಮಿಷ ಕುದಿಸಿ. ಕುದಿಸಿದ ಕೂಡಲೇ ಸುರಿಯಬೇಡಿ, ಪೂರ್ತಿ ಆರಲಿ. ಪಿಷ್ಟ ಮತ್ತು ಅಯೋಡಿನ್ ಸೇರಿದಾಗಿನ ನೀಲಿ ಬಣ್ಣ ಬಿಸಿಯಲ್ಲಿ ಅಳಿಸುತ್ತದೆ, ತಣ್ಣಗಾದರೆ ಮರಳಿ ಬರುತ್ತದೆ. ಪಿಷ್ಟದ ಸುರುಳಿಯೊಳಗೆ ಅಯೋಡಿನ್ ಸಾಲುಗಟ್ಟಿ ಕೂತಾಗ ಆ ಬಣ್ಣ. ಬಿಸಿಗೆ ಆ ಹಿಡಿತ ಸಡಿಲುತ್ತದೆ. ಬಿಸಿ ಹನಿ ತೆಗೆದು 'ಪಿಷ್ಟ ಹೋಯಿತು' ಎಂದರೆ ಕುದಿಸಿ ಸತ್ತ ಕಿಣ್ವ ಕೆಲಸ ಮಾಡಿತು ಎಂದ ಹಾಗಾಗುತ್ತದೆ.

ಹನಿ, ಟೈಲು, ಗಡಿಯಾರ

ಅಯೋಡಿನ್ ಅನ್ನು ಟ್ಯೂಬಿಗೆ ಸುರಿಯಕೂಡದು. ಬಿಳಿ ಟೈಲಿನ ಮೇಲೆ ಸಾಲಾಗಿ ಅಯೋಡಿನ್ ಹನಿಗಳನ್ನು ಇಟ್ಟುಕೊಂಡು, ಟ್ಯೂಬಿನಿಂದ ಒಂದೊಂದೇ ಹನಿ ತೆಗೆದು ಅದರ ಮೇಲೆ ಬಿಡಿ. ಟ್ಯೂಬಿಗೆ ಅಯೋಡಿನ್ ಸೇರಿತೆಂದರೆ ಆ ಟ್ಯೂಬಿನ ಮುಂದಿನ ರೀಡಿಂಗ್ ಒಂದನ್ನೂ ನಂಬುವಂತಿಲ್ಲ.

1 ಮತ್ತು 2ನೇ ಟ್ಯೂಬಿನಿಂದ 15 ಸೆಕೆಂಡಿಗೊಮ್ಮೆ, 3 ಮತ್ತು 4ರಿಂದ 30 ಸೆಕೆಂಡಿಗೊಮ್ಮೆ ಹನಿ ತೆಗೆಯಿರಿ. 5 ಮತ್ತು 6ರಿಂದ ಎರಡು ನಿಮಿಷಕ್ಕೊಮ್ಮೆ ಸಾಕು, ಆದರೆ 4ನೇ ಟ್ಯೂಬ್ ಮುಗಿಯುವವರೆಗೂ ಬಿಡಕೂಡದು. ಆರನ್ನೂ ಒಟ್ಟಿಗೆ ಶುರು ಮಾಡಬೇಡಿ. ಕೈ ಎರಡೇ ಇವೆ. ತಂಡಕ್ಕೊಂದು ಮೊಬೈಲ್, ಅದರಲ್ಲಿ ಸ್ಟಾಪ್‌ವಾಚ್ ಮಾತ್ರ.

ಹನಿ ಕಡುನೀಲಿಯಿಂದ ನೇರಳೆಗೆ, ಅಲ್ಲಿಂದ ಕೆಂಪು ಕಂದಿಗೆ, ಆಮೇಲೆ ಅಯೋಡಿನ್ನಿನದೇ ಹಳದಿಗೆ ಬರುತ್ತದೆ. ನಡುವಿನ ಬಣ್ಣ ಕಂಡು ಗಾಬರಿಯಾಗಬೇಡಿ. ಪಿಷ್ಟ ಒಡೆಯುತ್ತ ಡೆಕ್ಸ್‌ಟ್ರಿನ್ ಎಂಬ ತುಂಡುಗಳಾಗುತ್ತಿದೆ, ಸರಪಳಿ ಗಿಡ್ಡವಾದಂತೆ ಬಣ್ಣ ಕೆಂಪಿಗೆ ತಿರುಗುತ್ತದೆ. ಕೊನೆಯ ಹಂತ ಯಾವುದು ಎಂದು ತಂಡದಲ್ಲಿ ಮೊದಲೇ ಒಪ್ಪಿಕೊಳ್ಳಿ: ಪಕ್ಕದಲ್ಲಿಟ್ಟ ಬರೀ ಅಯೋಡಿನ್ ಹನಿಗೂ ಇದಕ್ಕೂ ವ್ಯತ್ಯಾಸ ಕಾಣದ ಕ್ಷಣ. ಆರು ಟ್ಯೂಬಿಗೂ ಅದನ್ನು ಒಬ್ಬರೇ ನೋಡಿ ಹೇಳಬೇಕು.

ಟ್ಯೂಬಿಗೊಂದು ಡ್ರಾಪರ್. ಅದಲು ಬದಲು ಸಲ್ಲದು. ಇದನ್ನು ಏಕಿಷ್ಟು ಒತ್ತಿ ಹೇಳುತ್ತೇನೆಂದರೆ, ಹಿಂದಿನ ಒಂದು ಬ್ಯಾಚಿನಲ್ಲಿ ಒಬ್ಬ ಹುಡುಗಿ ನನ್ನ ಮೇಜಿಗೆ ಬಂದು, "ಮೇಡಂ, ಕುದಿಸಿದ ಟ್ಯೂಬಲ್ಲೂ ನೀಲಿ ಹೋಗ್ತಿದೆ" ಎಂದಳು. ಟೈಲ್ ನೋಡಿದೆ. ಮೊದಲ ಆರು ಹನಿ ಕಡುನೀಲಿ, ಏಳನೆಯದು ನೇರಳೆ, ಎಂಟು ಕಂದು, ಒಂಬತ್ತು ಹಳದಿ. ಅವಳ ಗೆಳತಿಯರು ಆ ಸಾಲಿಗೆ 'ಬದಲಾವಣೆ ಇಲ್ಲ' ಎಂದು ಬರೆಯಲು ಹೇಳುತ್ತಿದ್ದರು, ಪುಸ್ತಕದಲ್ಲಿ ಹಾಗಿದೆ ಎಂದು. ಅವಳು ಬರೆದಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ, ಹನಿಯ ಸಂಖ್ಯೆ ಹಾಕಿ ಬರೆದಿದ್ದಳು. ಆ ಸಂಖ್ಯೆಯಿಂದಲೇ ಗುಟ್ಟು ಬಯಲಾಯಿತು: ಆರನೇ ಹನಿಯಾದ ಮೇಲೆ 5ನೇ ಟ್ಯೂಬಿನ ಡ್ರಾಪರ್ ಕೆಳಗೆ ಬಿದ್ದು ಒಡೆದಿತ್ತು, 1ನೇ ಟ್ಯೂಬಿನದನ್ನು ತೊಳೆಯದೆ ಬಳಸಿದ್ದರು. ಡ್ರಾಪರಿನಲ್ಲಿ ಉಳಿದಿದ್ದ ಜೊಲ್ಲು ಸ್ವಲ್ಪವೇ. ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ತಾನು ಖರ್ಚಾಗುವುದಿಲ್ಲ, ಇನ್ನೊಂದಕ್ಕೆ ಕೈ ಹಾಕುತ್ತದೆ. ಅಷ್ಟೇ ಅಷ್ಟಿದ್ದರೂ ಹೊತ್ತು ಕೊಟ್ಟರೆ ಟ್ಯೂಬಿನ ಪಿಷ್ಟವನ್ನೆಲ್ಲ ಮುಗಿಸುತ್ತದೆ. ಆ ದಿನ ಇಡೀ ತರಗತಿ ಕಿಣ್ವ ಎಂದರೇನೆಂದು ಕಲಿತದ್ದು ಆ ಒಂಬತ್ತು ಹನಿಗಳಿಂದ. 'ಬದಲಾವಣೆ ಇಲ್ಲ' ಎಂದು ಬರೆದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಹಾಗಾಗಿ ಈ ಕಟ್ಟಳೆಗೆ ರಿಯಾಯಿತಿ ಇಲ್ಲ: ರೀಡಿಂಗನ್ನು ತಿದ್ದಕೂಡದು. ಪಕ್ಕದ ತಂಡದ್ದನ್ನು ನಕಲು ಮಾಡಕೂಡದು. ತಪ್ಪಾಗಿ ಕಂಡ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದು, ಏಕೆಂದು ಪಕ್ಕದಲ್ಲಿ ಬರೆಯಿರಿ. ವೈಟ್ನರ್ ಹಚ್ಚಿದ ಪುಟಕ್ಕೆ ಸಹಿ ಸಿಗುವುದಿಲ್ಲ. ಕೆಟ್ಟುಹೋದ ಪ್ರಯೋಗವನ್ನು ನಿಜವಾಗಿ ಬರೆದವರಿಗೆ ಅಂಕ ಕಡಿತವಿಲ್ಲ.

ರೆಕಾರ್ಡ್ ಬರೆಯುವಾಗ

ಅಡ್ಡ ಅಕ್ಷದಲ್ಲಿ ಕಿಣ್ವ, ಲಂಬ ಅಕ್ಷದಲ್ಲಿ ಸಮಯ ಹಾಕಿದರೆ ಇಳಿಯುತ್ತ ಬಾಗಿದ ಗೆರೆ ಬರುತ್ತದೆ, ಸಂಬಂಧ ಏನೆಂದು ಕಣ್ಣಿಗೆ ಹಿಡಿಯುವುದಿಲ್ಲ. ಬೇಕಾದದ್ದು ವೇಗ. 1ನ್ನು ಸಮಯದಿಂದ ಭಾಗಿಸಿ, ಅದನ್ನು ಲಂಬ ಅಕ್ಷದಲ್ಲಿ ಹಾಕಿ. ಕೆಲಸ ಸರಿಯಾಗಿದ್ದರೆ ಚುಕ್ಕೆಗಳು ಹೆಚ್ಚುಕಡಿಮೆ ಸೊನ್ನೆಯಿಂದ ಹೊರಟ ನೇರ ಗೆರೆಯ ಮೇಲೆ ಕೂರುತ್ತವೆ. ಸರಿ ನೋಡಿಕೊಳ್ಳಲು ಇನ್ನೂ ಸುಲಭದ ದಾರಿ: ಕಿಣ್ವವನ್ನು ಸಮಯದಿಂದ ಗುಣಿಸಿ. 4 ಮಿ.ಲೀ.ಗೆ 2 ನಿಮಿಷ ಹಿಡಿದರೆ 2ಕ್ಕೆ ಸುಮಾರು 4, 1ಕ್ಕೆ 8, 0.5ಕ್ಕೆ 16 ನಿಮಿಷ. ಗುಣಲಬ್ಧ ಎಲ್ಲೆಡೆ 8ರ ಆಸುಪಾಸು. ಇದು ಉದಾಹರಣೆ ಮಾತ್ರ, ಇದನ್ನೇ ಕೋಷ್ಟಕಕ್ಕೆ ಇಳಿಸಿದರೆ ನನಗೆ ತಕ್ಷಣ ಗೊತ್ತಾಗುತ್ತದೆ.

'ಹೆಚ್ಚು ಕಿಣ್ವ ಹಾಕಿದರೆ ಹೆಚ್ಚು ಸಕ್ಕರೆ ಬರುತ್ತದೆ' ಎಂದು ಬರೆಯಬಾರದು. ಹಿತಕವರೆ ಕಾಲ ನೆನಪಿಸಿಕೊಳ್ಳಿ. ನೆನೆಸಿದ ಅವರೆಕಾಳಿನ ರಾಶಿ ನಡುಮನೆಯಲ್ಲಿದೆ. ಇಬ್ಬರು ಹಿತಕಲು ಕೂತರೆ ಒಂದು ಗಂಟೆ, ನಾಲ್ವರು ಕೂತರೆ ಅರ್ಧ ಗಂಟೆ. ಪಾತ್ರೆಯಲ್ಲಿ ಕೊನೆಗೆ ಬೀಳುವ ಬೇಳೆ ಎರಡು ಸಲವೂ ಅಷ್ಟೇ, ಏಕೆಂದರೆ ರಾಶಿ ಅಷ್ಟೇ ಇತ್ತು. ಕೈ ಹೆಚ್ಚಿದರೆ ಹೊತ್ತು ಉಳಿಯುತ್ತದೆ, ಬೇಳೆ ಹೆಚ್ಚುವುದಿಲ್ಲ. ರಾಶಿಗಿಂತ ಜನವೇ ಹೆಚ್ಚಾದರೆ ಹೊಸದಾಗಿ ಬಂದವರಿಗೆ ಹಿತಕಲು ಕಾಳೇ ಇರುವುದಿಲ್ಲ. ನೇರ ಗೆರೆ ಬರಬೇಕಾದರೆ ಪಿಷ್ಟ ಧಾರಾಳವಾಗಿ ಇರಬೇಕು ಎನ್ನುವುದು ಇದಕ್ಕೇ.

ಪಠ್ಯಪುಸ್ತಕದಲ್ಲಿ ಏರಿ, ಬಾಗಿ, ಮಟ್ಟಸವಾಗಿ ನಿಲ್ಲುವ ಒಂದು ಪ್ರಸಿದ್ಧ ಗೆರೆ ಇದೆ. ಅದನ್ನು ಇಲ್ಲಿಗೆ ತಂದು ಅಂಟಿಸಬೇಡಿ. ಅಡ್ಡ ಅಕ್ಷದಲ್ಲಿ ಏನಿದೆ ಎಂದು ನೋಡಿ: ಅದು ಕಿಣ್ವವನ್ನು ಹಾಗೇ ಇಟ್ಟು ಕಿಣ್ವದ ಆಹಾರವನ್ನು ಹೆಚ್ಚಿಸುತ್ತ ಹೋದಾಗ ಬರುವ ಗೆರೆ. 1913ರಲ್ಲಿ ಅದರ ಲೆಕ್ಕ ಕೊಟ್ಟವರು ಮೈಕೇಲಿಸ್ ಮತ್ತು ಮೆಂಟೆನ್. ಅವರು ಅಳೆದದ್ದು ಪಿಷ್ಟವನ್ನಲ್ಲ, ಸಕ್ಕರೆಯನ್ನು ಒಡೆಯುವ ಇನ್ವರ್ಟೇಸನ್ನು. ಮಾಡ್ ಮೆಂಟೆನ್ ಕೆನಡಾದ ವೈದ್ಯೆ, ಕಡಲು ದಾಟಿ ಬರ್ಲಿನ್ನಿಗೆ ಹೋಗಿ ಆ ಕೆಲಸ ಮಾಡಿದವರು. ನಮ್ಮ ಹುಡುಗಿಯರು ಆ ಹೆಸರನ್ನು ಬರೀ ಸೂತ್ರದ ಬಾಲವಾಗಿ ಉರುಹೊಡೆಯಬಾರದೆಂದು ನನ್ನ ಆಸೆ.

'ಪಿಷ್ಟ ಗ್ಲೂಕೋಸ್ ಆಯಿತು' ಎಂದೂ ಬರೆಯಬೇಡಿ. ಅಮೈಲೇಸಿನಿಂದ ಮುಖ್ಯವಾಗಿ ಬರುವುದು ಮಾಲ್ಟೋಸ್, ಜೊತೆಗೆ ಸಣ್ಣ ಡೆಕ್ಸ್‌ಟ್ರಿನ್‌ಗಳು. ನೀಲಿ ಹೋದ ಕ್ಷಣಕ್ಕೆ ಜೀರ್ಣ ಮುಗಿಯಿತು ಎಂಬುದೂ ತಪ್ಪು. ಬಣ್ಣ ಕೊಡುವಷ್ಟು ಉದ್ದದ ತುಂಡು ಉಳಿದಿಲ್ಲ ಎಂದಷ್ಟೇ ಅದರ ಅರ್ಥ, ಕತ್ತರಿ ಇನ್ನೂ ಆಡುತ್ತಲೇ ಇರುತ್ತದೆ.

ಬೇಗ ಮುಗಿದವರ ಜೀರ್ಣಶಕ್ತಿ ಚೆನ್ನಾಗಿದೆ, ತಡವಾದವರಿಗೆ ಏನೋ ಕಾಯಿಲೆ ಎಂದು ಯಾರೂ ಆಡಕೂಡದು, ತಮಾಷೆಗೂ ಕೂಡದು. ಜೊಲ್ಲಿನ ಅಮೈಲೇಸಿನ ವಂಶವಾಹಿ ಕೆಲವರಲ್ಲಿ ಕೆಲವೇ ಪ್ರತಿಗಳಲ್ಲಿದ್ದರೆ ಕೆಲವರಲ್ಲಿ ಹತ್ತಕ್ಕೂ ಹೆಚ್ಚು. ಪಿಷ್ಟ ಹೆಚ್ಚು ಉಣ್ಣುವ ಜನಸಮುದಾಯಗಳಲ್ಲಿ ಸರಾಸರಿ ಪ್ರತಿಗಳು ಹೆಚ್ಚು ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನೀರು ಎಷ್ಟು ಕುಡಿದಿದ್ದೀರಿ ಎಂಬುದರಿಂದಲೂ ಜೊಲ್ಲು ತೆಳುವಾಗುತ್ತದೆ. ಮೇಲಾಗಿ ಅನ್ನದ ಪಿಷ್ಟದ ಹೆಚ್ಚಿನ ಪಾಲು ಜೀರ್ಣವಾಗುವುದು ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿಯ ಅಮೈಲೇಸಿನಿಂದ. ಈ ಪ್ರಯೋಗ ನೋಡಿ ಕಿಣ್ವದ ಮಾತ್ರೆ ಕೊಂಡು ನುಂಗುವುದಂತೂ ಬೇಡವೇ ಬೇಡ. ಅದು ವೈದ್ಯರು ಹೇಳಬೇಕಾದ ಮಾತು.

ಮುಗಿಸುವಾಗ

ಜೊಲ್ಲು ತಾಗಿದ ಗಾಜನ್ನೆಲ್ಲ 1 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಆಮೇಲೆ ತೊಳೆಯಿರಿ. ಆ ಬಕೆಟ್ಟಿಗೆ ಯಾವ ಆಮ್ಲವನ್ನೂ ಸುರಿಯಕೂಡದು, ಕ್ಲೋರಿನ್ ಅನಿಲ ಏಳುತ್ತದೆ. ಕೊನೆಗೆ ಸಕ್ಕರೆ ಪರೀಕ್ಷಿಸಲು ಬಳಸುವ ಬೆನೆಡಿಕ್ಟ್ ದ್ರಾವಣದಲ್ಲಿ ತಾಮ್ರ ಇದೆ, ಅದು ಸಿಂಕಿಗಲ್ಲ, ಕಿಟಕಿ ಬಳಿಯ ತ್ಯಾಜ್ಯದ ಬಾಟಲಿಗೆ. ಅದನ್ನು ಬಿಸಿ ಮಾಡುವಾಗ ಟ್ಯೂಬಿನ ಬಾಯಿ ಯಾರ ಕಡೆಗೂ ಇರಬಾರದು.

ತೊಳೆಯುವ ಕೆಲಸವನ್ನು ಅಟೆಂಡರ್ ಅಣ್ಣನಿಗೆ ಬಿಟ್ಟು ಹೋಗಬೇಡಿ. ನಿಮ್ಮ ಎಂಜಲನ್ನು ಇನ್ನೊಬ್ಬರು ತೊಳೆಯುವುದು ನಮ್ಮ ಪ್ರಯೋಗಾಲಯದಲ್ಲಿ ನಡೆಯುವುದಿಲ್ಲ. ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಟಿಫಿನ್ ಬಾಕ್ಸ್ ಮುಟ್ಟಿ.

ಉಪ್ಪುನೀರಿನ ಬಾಟಲಿ ಮೊದಲ ಬೆಂಚಿನ ಮೇಲಿದೆ, ಡಯಾಸ್ಟೇಸ್ ಪುಡಿ ಫ್ರಿಜ್ಜಿನಲ್ಲಿದೆ, ಡ್ರಾಪರುಗಳ ಮೇಲೆ 1ರಿಂದ 6ರವರೆಗೆ ಸಂಖ್ಯೆ ಅಂಟಿಸಿದೆ. ಒಡೆದರೆ ಹೊಸದು ಕೇಳಿ, ಕೊಡುತ್ತೇವೆ.